ಕನ್ನಡ ಕ್ರೈಸ್ತವಾಙ್ಮಯದಲ್ಲಿ ದೇಶಕಾಲವಿಚಾರ

ಹಲವು ವರ್ಷಗಳ ಹಿಂದೆ, ಚನ್ನಪಟ್ಟಣದ ಕಡೆಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ನನ್ನ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದನು. ಆ ದಿನ ನಾನು ವೇದಗಳು ಅಪೌರುಷೇಯವೆಂಬ ಮೀಮಾಂಸಕರ ಮತವನ್ನು ವಿವರಿಸಿದ್ದೆನು. “ನಮ್ಮ ಮನೆಯಲ್ಲಿ ಓದುವ ಪುಸ್ತಕದ ಹೆಸರು ಸತ್ಯವೇದ. ತಾವು ಹೇಳಿದ ಲಕ್ಷಣದಂತೆ ಅದು ವೇದವೋ ಅಲ್ಲವೋ?” ಎಂಬುದು ಅವನ ಪ್ರಶ್ನೆ. “ಹೆಸರಿಟ್ಟ ಮಾತ್ರಕ್ಕೆ ವೇದವಾದೀತೆ?” ಎಂದು ನಾನು ನಕ್ಕು ಎದ್ದುಬಿಟ್ಟೆನು. ಹುಡುಗನು ಸುಮ್ಮನಾದನು. ಅದು ಸಮಾಧಾನ ದೊರೆತವನ ಮೌನವಲ್ಲವೆಂಬುದು ನನಗೆ ಆಗಲೇ ತಿಳಿಯಬೇಕಾಗಿದ್ದಿತು. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ಭಾವಿಸಬಹುದು.

ಕನ್ನಡದ ಕ್ರೈಸ್ತಗ್ರಂಥಗಳನ್ನು ಕುರಿತು ನಮ್ಮ ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು. ವೇದ, ದೀಕ್ಷೆ, ಗುರು, ಬಲಿ, ಪೂಜೆ ಮೊದಲಾದವು ನಮ್ಮ ಮಾತುಗಳು, ಅನ್ಯಮತದವರು ಜನರನ್ನು ಸೆಳೆಯುವುದಕ್ಕಾಗಿ ಅವನ್ನು ಎರವಲು ತಂದರು ಎಂಬುದು ಒಂದು. ಭಾಷಾಂತರವೆಂದರೆ ಒಂದು ಮಾತಿಗೆ ಪ್ರತಿಯಾಗಿ ಇನ್ನೊಂದನ್ನಿಡುವುದು, ಅದರ ಹಿಂದಣ ಚರಿತ್ರೆಯಿಂದ ಆಗಬೇಕಾದುದೇನೂ ಇಲ್ಲ ಎಂಬುದು ಎರಡನೆಯದು. ಮೊದಲನೆಯ ಪಕ್ಷವು ಶಬ್ದಕ್ಕೆ ಒಡೆತನವನ್ನು ಹೇಳುತ್ತದೆ; ಎರಡನೆಯದು ಶಬ್ದಕ್ಕೆ ನೆನಪೇ ಇಲ್ಲವೆನ್ನುತ್ತದೆ. ಎರಡೂ ವಿಚಾರಸಹವಲ್ಲವೆಂಬುದು ನನ್ನ ಅಭಿಪ್ರಾಯ.

ಈ ವಿಚಾರಕ್ಕೆ ಬೇಕಾದ ಮಾನದಂಡಕ್ಕಾಗಿ ನಾವು ಪರದೇಶಕ್ಕೆ ಹೋಗಬೇಕಾದುದಿಲ್ಲ. ಒಂದು ಶಬ್ದಕ್ಕೆ ಹಲವು ಅರ್ಥಗಳು ಸಂಭವಿಸುವಾಗ ಯಾವುದನ್ನು ಹಿಡಿಯಬೇಕೆಂಬುದನ್ನು ನಿರ್ಣಯಿಸುವ ಕಾರಣಗಳನ್ನು ಭರ್ತೃಹರಿಯು ವಾಕ್ಯಪದೀಯದಲ್ಲಿ ಎಣಿಸಿದ್ದಾನೆ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಅವನ್ನೇ ಅನುವಾದಿಸಿದ್ದಾನೆ. ಸಂಯೋಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ ಮೊದಲಾದವುಗಳ ಜೊತೆಯಲ್ಲಿ ದೇಶವೂ ಕಾಲವೂ ಆ ಪಟ್ಟಿಯಲ್ಲಿವೆ. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪು, ಪಯಣಕ್ಕೆ ಹೊರಟವನು ಹಾಗೆಂದರೆ ಕುದುರೆ. ಒಂದೇ ಮಾತಿಗೆ ಇಷ್ಟು ಅಂತರವಿರುವಲ್ಲಿ, ಯೆಹೂದ್ಯರ ನಾಡಿನಲ್ಲಿ ರೋಮನ್ನರ ಆಳಿಕೆಯಲ್ಲಿ ಹುಟ್ಟಿದ ಮಾತು ಅರ್ಕಾವತಿಯ ದಡದಲ್ಲಿ ಕನ್ನಡವಾಗಿ ಕೇಳಿಬರುವಾಗ ಎರಡು ದೇಶಗಳನ್ನೂ ಎರಡು ಕಾಲಗಳನ್ನೂ ಕೂಡಿಯೇ ವಿಚಾರಿಸಬೇಕಾಗುವುದು ಸಹಜವಷ್ಟೆ.

ಅರ್ಕಾವತಿಯ ದಡವೆಂದುದು ಅಲಂಕಾರಕ್ಕಾಗಿ ಅಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಒಂದು ಜಿಲ್ಲೆಯಾಗಿ ಕೂಡಿದವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ರಾಮನಗರವು ಒಂದು ಕಾಲದಲ್ಲಿ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಗಿದ್ದಿತು, ಕನಕಪುರವು ಕಾನಕಾನಹಳ್ಳಿಯಾಗಿದ್ದಿತು. ಹೆಸರುಗಳು ಕಾಲಾಧೀನವೆಂಬುದನ್ನು ಈ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಇದೇ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳ್ಳ ಒಕ್ಕಲುಗಳು ಹದಿನೇಳನೆಯ ಶತಮಾನದ ಮೈಸೂರು ಮಿಷನ್ನಿನ ಪರಂಪರೆಯನ್ನು ತಮ್ಮದೆಂದು ಹೇಳಿಕೊಳ್ಳುತ್ತಾರೆ. ಕ್ರೈಸ್ತಮತವು ಕನ್ನಡನಾಡಿಗೆ ಇಂಗ್ಲಿಷರೊಡನೆ ಬಂದಿತೆಂಬ ನಂಬಿಕೆಯು ಎಷ್ಟು ದುರ್ಬಲವೆಂಬುದು ಇಷ್ಟರಿಂದಲೇ ತೋರುತ್ತದೆ.

ಆ ಮಿಷನ್ನಿನ ಆರಂಭವನ್ನು ಸಂಕ್ಷೇಪವಾಗಿ ನೋಡೋಣ. ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿಯು ೧೬೪೮–೪೯ರ ಸುಮಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದನು. ಆಗ ಮೈಸೂರನ್ನು ಆಳುತ್ತಿದ್ದವನು ಕಂಠೀರವ ನರಸರಾಜ ಒಡೆಯನು. ಚಿನ್ನಾಮಿಯು ಕನ್ನಡವನ್ನು ಕಲಿತು ವ್ಯಾಕರಣ, ನಿಘಂಟು, ಧರ್ಮೋಪದೇಶ ಮೊದಲಾದವನ್ನು ಬರೆದನೆಂದು ತಿಳಿದುಬರುತ್ತದೆ. ಅವನಿಗಿಂತ ಮೊದಲೇ, ೧೬೦೬ರಲ್ಲಿ ಮಧುರೆಗೆ ಬಂದ ರೊಬೆರ್ತೊ ದೆ ನೊಬಿಲಿಯು ಕಾವಿಯುಟ್ಟು, ಸಸ್ಯಾಹಾರಿಯಾಗಿ, ಸಂಸ್ಕೃತವನ್ನು ಕಲಿತು, ತನ್ನ ಮತವನ್ನು ಸತ್ಯವೇದವೆಂದು ಉಪದೇಶಿಸಿದ್ದನು. ಇಂತಹ ಆಚಾರವು ಸಾಧುವೆ ಎಂಬ ವಿವಾದವು ರೋಮಿನವರೆಗೂ ಹೋಯಿತು. ೧೬೨೩ರಲ್ಲಿ ಹದಿನೈದನೆಯ ಗ್ರೆಗರಿಯು ಅದಕ್ಕೆ ಅನುಮತಿಯನ್ನು ಕೊಟ್ಟನು. ೧೭೦೪ರಲ್ಲಿ ಪುದುಚೇರಿಯಲ್ಲಿ ತೂರ್ನೋನ್ ಎಂಬ ಪ್ರತಿನಿಧಿಯು ಹಲವು ಆಚಾರಗಳನ್ನು ನಿಷೇಧಿಸಿದನು. ೧೭೪೪ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟನು ನಿಷೇಧವನ್ನು ದೃಢಪಡಿಸಿದನು. ಈ ಆಚಾರಗಳ ವಿರುದ್ಧ ಪಾದ್ರಿಗಳು ಮಾಡಬೇಕಾಗಿದ್ದ ಪ್ರಮಾಣವಚನವು ರದ್ದಾದುದು ೧೯೪೦ರಲ್ಲಿ. ಒಂದೇ ಮಠವು ಒಂದೇ ಆಚಾರವನ್ನು ಒಮ್ಮೆ ಅಂಗೀಕರಿಸಿ ಒಮ್ಮೆ ತ್ಯಜಿಸಿ ಮತ್ತೆ ಸಹಿಸಿತೆಂದರೆ, ಬದಲಾದುದು ಕಾಲವೂ ಅದರೊಡನೆ ತಿಳಿವಳಿಕೆಯೂ ಎಂದೇ ಹೇಳಬೇಕು.

ಈ ಕಾಲಭೇದವು ಕನ್ನಡದ ಪದಕೋಶದಲ್ಲಿಯೂ ಉಳಿದಿದೆ. ಕಥೋಲಿಕ ಸಂಪ್ರದಾಯದಲ್ಲಿ ದೇವರಿಗೆ ಸರ್ವೇಶ್ವರನೆಂಬ ಹೆಸರು ರೂಢವಾಗಿದೆ. ಪಾದ್ರಿಯನ್ನು ಗುರುವೆನ್ನುತ್ತಾರೆ, ಆರಾಧನೆಯನ್ನು ಬಲಿಪೂಜೆಯೆನ್ನುತ್ತಾರೆ. ಪ್ರಾಟೆಸ್ಟಂಟರ ಭಾಷಾಂತರವು ಬೇರೆ ಕಾಲದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಬಳ್ಳಾರಿಗೆ ಬಂದ ಮೇಲೆ ಮೊದಲಾದ ಕೆಲಸವು ೧೮೩೦ರ ದಶಕದ ಆದಿಯಲ್ಲಿ ಸಂಪೂರ್ಣ ಬೈಬಲಾಗಿ ಅಚ್ಚಿನಲ್ಲಿ ಪರಿಣಮಿಸಿತು. ಬಾಸೆಲ್ ಮಿಷನ್ನಿನವರು ಮುಂದೆ ಅದನ್ನು ತಿದ್ದಿದರು. ಮೂಲದ ಅಕ್ಷರಕ್ಕೆ ನಿಷ್ಠರಾದ ಇವರು ಯೆಹೋವನೆಂಬ ಹೀಬ್ರೂ ಹೆಸರನ್ನೇ ಉಳಿಸಿಕೊಂಡರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಸರ್ವೇಶ್ವರವು ಯೌಗಿಕ ಶಬ್ದ, ಯೆಹೋವವು ರೂಢಶಬ್ದ. ಮೊದಲನೆಯದನ್ನು ಕೇಳಿದ ಕನ್ನಡಿಗನಿಗೆ ದೇವರ ಸ್ವರೂಪವು ಕೂಡಲೇ ಹೊಳೆಯುತ್ತದೆ. ಆದರೆ ಒಂದು ಜನಾಂಗವು ದಾಸ್ಯದಿಂದ ಬಿಡುಗಡೆಹೊಂದಿದ ಕಥೆಗೆ ಅಂಟಿಕೊಂಡ ಹೆಸರು ಅದೆಂಬುದು ಮರೆಯಾಗುತ್ತದೆ. ಎರಡನೆಯದರಲ್ಲಿ ಆ ಕಥೆಯು ಉಳಿಯುತ್ತದೆ. ಆದರೆ ದೇವರು ಪರದೇಶಿಯಂತೆ ತೋರುತ್ತಾನೆ. ಯಾವುದು ಸರಿಯೆಂದು ಕೇಳುವುದಕ್ಕಿಂತ, ಯಾವ ಕಾಲದ ಯಾವ ಶ್ರೋತೃಗಳನ್ನು ಮುಂದಿಟ್ಟುಕೊಂಡು ಈ ಆಯ್ಕೆಗಳಾದವೆಂದು ಕೇಳುವುದೇ ವಿಮರ್ಶಕನಿಗೆ ಉಚಿತ.

ಈಗ ವೇದಶಬ್ದಕ್ಕೆ ಬರೋಣ. ಪ್ರಾಟೆಸ್ಟಂಟರ ಕನ್ನಡ ಬೈಬಲಿಗೆ ಸತ್ಯವೇದವು ಎಂಬ ಹೆಸರು ಪ್ರಸಿದ್ಧವಾಗಿದೆ. ಪ್ರಮಾಣಗ್ರಂಥವೆಂಬಷ್ಟೇ ಅರ್ಥದಲ್ಲಿ ಅದು ದೋಷವಲ್ಲ. ಆದರೆ ಮೀಮಾಂಸಕರ ಲಕ್ಷಣವನ್ನು ಸ್ವಲ್ಪ ನೆನೆಯಬೇಕು. ವೇದವು ನಿತ್ಯ, ಆದುದರಿಂದ ಕಾಲದಲ್ಲಿ ಹುಟ್ಟಿ ಸತ್ತ ವ್ಯಕ್ತಿಯ ವೃತ್ತಾಂತವು ಅದರಲ್ಲಿರಲಾಗದು. ಬಬರ ಪ್ರಾವಾಹಣಿ ಎಂಬ ಹೆಸರು ವೇದದಲ್ಲಿ ಬಂದಿರುವುದರಿಂದ ಅದು ಪೌರುಷೇಯವೆಂದು ಪೂರ್ವಪಕ್ಷಿಯು ಆಕ್ಷೇಪಿಸಿದಾಗ, ಅದು ಮನುಷ್ಯನ ಹೆಸರೇ ಅಲ್ಲ, ಬಬರ ಎಂದು ಸದ್ದುಮಾಡುತ್ತ ಬೀಸುವ ಗಾಳಿ ಎಂದು ಶಬರಸ್ವಾಮಿಯು ಪರಿಹರಿಸುತ್ತಾನೆ. ವೇದದ ಪ್ರಾಮಾಣ್ಯವನ್ನು ಉಳಿಸುವುದಕ್ಕಾಗಿ ಅವನು ಚರಿತ್ರೆಯನ್ನು ಹೊರಗಟ್ಟಬೇಕಾಯಿತು.

ಕ್ರೈಸ್ತರ ವಿಶ್ವಾಸಪ್ರಮಾಣದ ಸ್ಥಿತಿಯಾದರೋ ಇದಕ್ಕೆ ನೇರವಾಗಿ ವಿರುದ್ಧವಾದುದು. ಕ್ರಿ.ಶ. ೩೮೧ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಕೂಡಿದ ಸಭೆಗೆ ಸಂಬಂಧಿಸಿದ ಪ್ರಮಾಣವಚನದಲ್ಲಿ, ದೇವರ ತ್ರಿತ್ವವನ್ನು ಹೇಳುವ ಮಾತುಗಳ ನಡುವೆ, ಪೊಂತಿ ಪಿಲಾತನೆಂಬ ಒಬ್ಬ ರೋಮನ್ ಅಧಿಕಾರಿಯ ಹೆಸರಿದೆ. ಅವನು ಸಂತನಲ್ಲ, ಋಷಿಯಲ್ಲ, ಕ್ರಿ.ಶ. ೨೬ರಿಂದ ೩೬ರವರೆಗೆ ಯೆಹೂದಪ್ರಾಂತದ ಮೇಲೆ ಅಧಿಕಾರ ನಡೆಸಿದ ರಾಜಪುರುಷ. ಅವನ ಹೆಸರುಳ್ಳ ಶಿಲಾಶಾಸನವೂ ೧೯೬೧ರಲ್ಲಿ ಸೀಸರೇಯಾ ಎಂಬಲ್ಲಿ ದೊರೆಯಿತು. ನಿತ್ಯವಾದ ತತ್ತ್ವವನ್ನು ಹೇಳುವಲ್ಲಿ ಇಂತಹವನ ಹೆಸರಿಗೆ ಏನು ಪ್ರಯೋಜನ? ನಾವು ನಂಬುವುದು ಇಂತಹ ಅಧಿಕಾರಿಯ ಕಾಲದಲ್ಲಿ, ಇಂತಹ ನಾಡಿನಲ್ಲಿ ನಡೆಯಿತು ಎಂದು ಹೇಳುವುದೇ ಅದರ ಪ್ರಯೋಜನ. ಮೀಮಾಂಸಕನು ಹೆಸರನ್ನು ಗಾಳಿಯಾಗಿ ಮಾಡಿದನು. ಕ್ರೈಸ್ತನು ಹೆಸರನ್ನು ಕಲ್ಲಿನಂತೆ ನೆಟ್ಟನು. ಪಿಲಾತನು ಗಾಳಿಯಾದರೆ ಆ ಮತವೇ ನಿಲ್ಲದು.

ಹಾಗಾದರೆ ಆ ಗ್ರಂಥವು, ವಿಶೇಷವಾಗಿ ಅದರ ಹೊಸ ಒಡಂಬಡಿಕೆಯ ಕಥಾಭಾಗವು, ನಮ್ಮ ವಿಂಗಡಣೆಯಲ್ಲಿ ವೇದಕ್ಕಿಂತ ಇತಿಹಾಸಕ್ಕೆ ಹತ್ತಿರವಾಗುತ್ತದೆ. ಇತಿ ಹ ಆಸ, ಹೀಗೆ ಇದ್ದಿತು, ಎಂಬುದಲ್ಲವೆ ಆ ಶಬ್ದದ ನಿರ್ವಚನ? ಭಾಷಾಂತರಕಾರರಿಗೆ ಇದು ತಿಳಿಯದೆ ಇದ್ದಿತೆಂದು ಹೇಳಲಾಗದು. ಹೊದಿಕೆಯ ಮೇಲೆ ವೇದವೆಂದು ಬರೆದವರೇ ಒಳಗೆ ಆ ಕಥೆಗಳಿಗೆ ಸುವಾರ್ತೆಯೆಂದು ಹೆಸರಿಟ್ಟರು. ವಾರ್ತೆಯೆಂದರೆ ನಡೆದುದರ ಸುದ್ದಿ. ಸುದ್ದಿಗೆ ದಿನವೂ ಊರೂ ಬೇಕು. ಹೀಗೆ ಒಂದೇ ಪುಸ್ತಕದಲ್ಲಿ ಎರಡು ಪ್ರಾಮಾಣ್ಯವಾದಗಳು ಸೇರಿಕೊಂಡಿವೆ. ಹೊದಿಕೆಯ ಮಾತು ಕನ್ನಡನಾಡಿನ ಕಾಲಸ್ಥಿತಿಯನ್ನು ನೋಡಿ ಹುಟ್ಟಿದುದು, ಒಳಗಿನ ಮಾತು ಮೂಲದ ಸ್ವಭಾವವನ್ನು ನೋಡಿ ಹುಟ್ಟಿದುದು.

ವೇದವೆಂಬ ಹೆಸರಿನ ಆಸೆಯು ಅತಿಗೆ ಹೋದರೆ ಏನಾಗುವುದೆಂಬುದಕ್ಕೂ ನಿದರ್ಶನವಿದೆ. ಎಜೂರ್‌ವೇದಂ ಎಂಬ ಫ್ರೆಂಚ್ ಗ್ರಂಥವೊಂದು ಪ್ರಾಚೀನ ವೈದಿಕಗ್ರಂಥವೆಂದು ಯೂರೋಪಿನಲ್ಲಿ ಹೆಸರಾಯಿತು, ವಾಲ್ಟೇರನಂತಹವನೂ ನಂಬಿದನು. ೧೭೭೮ರಲ್ಲಿ ಅದು ಅಚ್ಚಾದ ಮೇಲೆ, ೧೭೮೨ರಲ್ಲಿ ಸೊನ್ನೆರಾ ಎಂಬ ಪ್ರವಾಸಿಯು ಅದು ಮಿಷನರಿಯೊಬ್ಬನ ರಚನೆಯೆಂದು ತೋರಿಸಿದನು. ಕಾಲವನ್ನು ಮರೆಮಾಡಿದ ಗ್ರಂಥಕ್ಕೆ ಕಾಲವೇ ವೈರಿಯಾಯಿತು. ಆದರೆ ಈ ಒಂದು ಕೃತಕಗ್ರಂಥವನ್ನು ಹಿಡಿದು ಕನ್ನಡದ ಸತ್ಯವೇದವನ್ನೂ ಕಪಟವೆನ್ನುವುದು ಅನ್ಯಾಯ. ಇಲ್ಲಿ ಯಾರೂ ಕರ್ತೃವನ್ನಾಗಲಿ ಕಾಲವನ್ನಾಗಲಿ ಮರೆಸಿಲ್ಲ.

ಕೇಳುವವರ ದೇಶಕಾಲಗಳು ಅರ್ಥವನ್ನು ಹೇಗೆ ಹಿಡಿದು ತಿರುಗಿಸುತ್ತವೆಂಬುದಕ್ಕೆ ಮೈಸೂರುಸೀಮೆಯಲ್ಲಿಯೇ ಒಂದು ಉತ್ತಮ ಉದಾಹರಣೆಯಿದೆ. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ ಇಲ್ಲಿಗೆ ಬಂದು, ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿಯನ್ನು ಜನರು ದೊಡ್ಡಸ್ವಾಮಿಯೆಂದು ಕರೆಯುತ್ತಿದ್ದರು. ಆ ವರ್ಷವೇ ಪ್ರಕಟವಾದ ತನ್ನ ಪತ್ರಗಳಲ್ಲಿ ಅವನು ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾನೆ. ಮನೆಬಿಟ್ಟು ಹಾಳಾಗಿ ಹಿಂದಿರುಗಿದ ಮಗನ ದೃಷ್ಟಾಂತವನ್ನು ಉಪದೇಶಿಸುವಾಗ, ತಂದೆಯು ಸಂತೋಷದಿಂದ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂಬ ಮಾತು ಬಂದಿತು. ಕೇಳಿದ ಕ್ರೈಸ್ತರೇ ಬೇಸರಗೊಂಡು, ಅನ್ಯರು ಕೇಳಿದ್ದರೆ ನಮ್ಮದನ್ನು ಹೀನಮತವೆನ್ನುತ್ತಿದ್ದರು, ಇನ್ನು ಮುಂದೆ ಕರುವಿನ ಬದಲು ಕುರಿಮರಿಯೆಂದು ಹೇಳಿ ಎಂದು ಅವನಿಗೆ ಬುದ್ಧಿಹೇಳಿದರು.

ಇದನ್ನು ವಿಮರ್ಶಿಸೋಣ. ಆ ಕಥೆಯಲ್ಲಿ ಎರಡು ಪ್ರಾಣಿಗಳು ಮುಖ್ಯವಾಗಿವೆ. ಮಗನು ಹಸಿದು ಪರರ ಹಂದಿಗಳನ್ನು ಮೇಯಿಸುತ್ತಾನೆ. ತಂದೆಯು ಕರುವನ್ನು ಕೊಯ್ಯಿಸುತ್ತಾನೆ. ಯೆಹೂದ್ಯರಿಗೆ ಹಂದಿಯು ಅಶುದ್ಧವಾದುದರಿಂದ ಮಗನ ಅಧಃಪತನವು ಅದರಿಂದ ಧ್ವನಿತವಾಗುತ್ತದೆ; ಈ ಧ್ವನಿಯು ಮೈಸೂರಿನ ಮೇಲುಜಾತಿಯ ಶ್ರೋತೃಗಳಿಗೂ ವ್ಯಾಖ್ಯಾನವಿಲ್ಲದೆ ತಟ್ಟಿತು. ಕರುವು ಅಲ್ಲಿ ಹಬ್ಬಕ್ಕೆಂದು ಕಾಪಾಡಿದ ಶ್ರೇಷ್ಠವಸ್ತು, ವಾತ್ಸಲ್ಯದ ವ್ಯಂಜಕ. ಇಲ್ಲಿ ಅದೇ ಮಾತು ಜುಗುಪ್ಸೆಗೆ ಕಾರಣವಾಯಿತು. ಒಂದೇ ಕಥೆಯಲ್ಲಿ ಒಂದು ಪ್ರಾಣಿಯು ಕಡಲನ್ನು ದಾಟಿತು, ಇನ್ನೊಂದು ದಾಟಲಿಲ್ಲ. ತಾತ್ಪರ್ಯವನ್ನು ಉಳಿಸುವುದಕ್ಕಾಗಿ ಪದವನ್ನು ಬದಲಿಸಬಹುದೆ? ಉಪದೇಶದಲ್ಲಿ ಬದಲಿಸಬಹುದು, ಮೂಲದಲ್ಲಿ ಕೂಡದು ಎಂಬುದು ನಮ್ಮ ಪಾಠಶಾಲೆಗಳ ಮರ್ಯಾದೆ. ಮೂಲವು ತನ್ನ ಕಾಲದ ಮಾತನ್ನಾಡಲಿ, ವ್ಯಾಖ್ಯಾನವು ನಮ್ಮ ಕಾಲದ ಮಾತನ್ನಾಡಲಿ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಅದೇ ದೃಷ್ಟಾಂತದ ಕೊನೆಯಲ್ಲಿ, ತಮ್ಮನನ್ನು ಸೇರಿಸಿಕೊಂಡ ಮನೆಗೆ ಕಾಲಿಡಲಾರೆನೆಂದು ಹೊರಗೆ ನಿಲ್ಲುವ ಅಣ್ಣನೊಬ್ಬನಿದ್ದಾನೆ. ನಮ್ಮನ್ನು ಹೀನರೊಡನೆ ಎಣಿಸಿಯಾರೆಂದು ಅಂಜಿದ ಶ್ರೋತೃಗಳು, ತಮಗೆ ತಿಳಿಯದೆಯೇ, ಆ ಅಣ್ಣನ ಎಡೆಯಲ್ಲಿ ನಿಂತಿದ್ದರೆಂದು ತೋರುತ್ತದೆ. ಕರುವಿನ ಚರ್ಚೆಯಲ್ಲಿ ಅಣ್ಣನು ಮರೆತುಹೋದನು.

ಇದಕ್ಕೆ ಪ್ರತಿಯಾಗಿ, ಶ್ರೋತೃವಿಗೆ ಏನೂ ನೆನಪಾಗದ ಶಬ್ದವನ್ನು ತಂದರೆ ಏನಾಗುವುದು? ಶಿಲುಬೆಯೆಂಬ ಮಾತನ್ನು ನೋಡಿರಿ. ಇದು ಸಿರಿಯಾಕಿನ ಸ್ಲೀಬಾ ಎಂಬುದರಿಂದ ತಮಿಳಿನ ಸಿಲುವೈ ಮೂಲಕ ಬಂದುದು. ರೋಮನ್ನರ ಆಳಿಕೆಯಲ್ಲಿ ಅದು ದಾಸರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಮರಣ. ನೋವಿಗಿಂತ ಹೆಚ್ಚಾಗಿ ಮಾನಭಂಗ. ಆ ಕಾಲದವರು ಅದರ ಹೆಸರನ್ನೆತ್ತಲೂ ಹೇಸುತ್ತಿದ್ದರು. ಕನ್ನಡದಲ್ಲಿ ಶಿಲುಬೆಗೆ ಹಿಂದಣ ನೆನಪಿಲ್ಲವಾದುದರಿಂದ ಅದು ಮೊದಲಿನಿಂದಲೂ ಪೂಜ್ಯವಸ್ತುವಾಗಿಯೇ ತೋರಿತು. ಹೇಸಿಗೆಯು ಹೋಯಿತು, ಅದರೊಡನೆ ಸಾಹಸವೂ ಹೋಯಿತು.

ನಮ್ಮಲ್ಲಿ ಆ ಅರ್ಥಕ್ಕೆ ಹತ್ತಿರವಾದ ಮಾತು ಇರಲಿಲ್ಲವೆಂದಲ್ಲ. ಶೂಲಕ್ಕೇರಿಸುವುದೆಂದರೆ ಏನೆಂಬುದು ಕನ್ನಡಿಗರಿಗೆಲ್ಲ ತಿಳಿದಿದ್ದಿತು. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನೆಂಬ ನಿರಪರಾಧಿಯಾದ ಮುನಿಯನ್ನು ರಾಜಭಟರು ಕಳ್ಳರೊಡನೆ ಶೂಲಕ್ಕೇರಿಸಿದ ಕಥೆಯಿದೆ. ಕಳ್ಳರ ನಡುವೆ ನಿರಪರಾಧಿ, ರಾಜಾಜ್ಞೆ, ಮೌನ, ಇಷ್ಟು ಸಾಮ್ಯವನ್ನು ಕಂಡೂ ಭಾಷಾಂತರಕಾರರು ಶೂಲಶಬ್ದವನ್ನು ಏಕೆ ಬಿಟ್ಟರು? ಕಾರಣವನ್ನು ಊಹಿಸಬಹುದು. ಶೂಲವೆಂದೊಡನೆ ಶೂಲಪಾಣಿಯ ನೆನಪಾಗುವುದು ಒಂದು. ಮಾಂಡವ್ಯನ ಕಥೆಯ ಉತ್ತರಭಾಗವು ಇನ್ನೊಂದು, ಅದೇ ಮುಖ್ಯ. ತನಗೇಕೆ ಈ ದಂಡನೆಯೆಂದು ಮಾಂಡವ್ಯನು ಧರ್ಮನನ್ನು ಕೇಳುತ್ತಾನೆ. ಬಾಲ್ಯದಲ್ಲಿ ಕೀಟಗಳಿಗೆ ಹುಲ್ಲಿನ ಕಡ್ಡಿಯನ್ನು ಚುಚ್ಚಿದ ಕರ್ಮದ ಫಲವೆಂದು ಉತ್ತರ ಬರುತ್ತದೆ. ಆಗ ಮುನಿಯು ಧರ್ಮನಿಗೇ ಶಾಪವನ್ನು ಕೊಡುತ್ತಾನೆ. ನಮ್ಮ ಶ್ರೋತೃವು ಶೂಲವೆಂಬ ಮಾತನ್ನು ಕೇಳಿದೊಡನೆ ಯಾವ ಕರ್ಮದ ಫಲವೆಂದು ಕೇಳಿಯೇ ಕೇಳುತ್ತಾನೆ. ಯೇಸುವಿನ ಕಥೆಯು ಆ ಪ್ರಶ್ನೆಗೆ ಎಡೆಯನ್ನೇ ಕೊಡುವುದಿಲ್ಲ. ಅಲ್ಲಿ ಶಾಪವೂ ಇಲ್ಲ, ಏರಿಸಿದವರಿಗೆ ಕ್ಷಮೆಯಿದೆ. ಆದುದರಿಂದ ದೇಶೀಯ ಶಬ್ದವು ಭಯವನ್ನು ತಂದುಕೊಡುತ್ತಿದ್ದಿತು, ಜೊತೆಗೆ ಕರ್ಮಸಿದ್ಧಾಂತವನ್ನೂ ತರುತ್ತಿದ್ದಿತು. ಪರದೇಶದ ಶಬ್ದವು ಎರಡನ್ನೂ ತರಲಿಲ್ಲ. ಎರಡಕ್ಕೂ ಬೆಲೆ ತೆರಬೇಕು. ಭಾಷಾಂತರವಿಮರ್ಶೆಯೆಂದರೆ ಆ ಬೆಲೆಯನ್ನು ಎಣಿಸುವುದೇ ಹೊರತು ಬೇರೆಯಲ್ಲ.

ಬಾಸೆಲ್ ಮಿಷನ್ನಿನ ಕಿಟ್ಟೆಲ್ ಪಂಡಿತನು ಈ ಬೆಲೆಯನ್ನು ತಿಳಿದಿದ್ದನೆಂದು ನನ್ನ ನಂಬಿಕೆ. ನಿಘಂಟನ್ನು ೧೮೯೪ರಲ್ಲಿ ಹೊರತರುವುದಕ್ಕೆ ಮೂವತ್ತೆರಡು ವರ್ಷ ಮೊದಲು, ೧೮೬೨ರಲ್ಲಿ, ಅವನು ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಕಥಾಮಾಲೆಯೆಂದು ರಚಿಸಿದನು. ಕಾವ್ಯವನ್ನು ಓದಿಸಿ ಕೇಳುವ ಜನಕ್ಕೆ ಗದ್ಯದ ಸುದ್ದಿಯು ಸಾಲದೆಂದು ಅವನು ಕಂಡುಕೊಂಡನು. ಛಂದಸ್ಸಿಗೆ ಬಂದೊಡನೆ ವಾರ್ತೆಯು ಪುರಾಣದ ದನಿಯನ್ನು ಪಡೆಯುತ್ತದೆ. ದಿನವೂ ಊರೂ ಹಿಂದಕ್ಕೆ ಸರಿಯುತ್ತವೆ. ಲಾಭವೂ ಅದೇ, ನಷ್ಟವೂ ಅದೇ.

ಈಗ ಮತ್ತೆ ಹಾರೋಬೆಲೆಗೆ ಬರೋಣ. ಅಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಶುಭಶುಕ್ರವಾರದ ಕಾಲದಲ್ಲಿ ಯೇಸುವಿನ ಯಾತನೆಯ ನಾಟಕವನ್ನು ಆಡುವ ವಾಡಿಕೆಯಿದೆ. ಊರ ಬಳಿಯ ಬೆಟ್ಟಕ್ಕೆ ಕಪಾಲಬೆಟ್ಟವೆನ್ನುತ್ತಾರೆ. ಯೇಸುವನ್ನು ಕೊಂದ ಸ್ಥಳದ ಹೆಸರು ಗೊಲ್ಗೊಥಾ, ಅಂದರೆ ತಲೆಬುರುಡೆ. ಕನ್ನಡ ಭಾಷಾಂತರಗಳಲ್ಲಿ ಅದು ಕಪಾಲವಾಯಿತು. ಶೈವಸಂಸ್ಕಾರವುಳ್ಳ ನಾಡಿನಲ್ಲಿ ಕಪಾಲಶಬ್ದವು ಕಪಾಲವನ್ನು ಹಿಡಿದು ಭಿಕ್ಷೆಬೇಡಿದ ದೇವರ ನೆನಪನ್ನು ತಾರದೆ ಇರದು. ೨೦೧೯ರ ಡಿಸೆಂಬರಿನಲ್ಲಿ ಆ ಬೆಟ್ಟದ ಮೇಲೆ ೧೧೪ ಅಡಿಯ ಯೇಸುಪ್ರತಿಮೆಗೆ ಶಂಕುಸ್ಥಾಪನೆಯಾದಾಗ, ಅದು ಮುನೀಶ್ವರನ ಬೆಟ್ಟವೆಂದು ವಾದಿಸಿದವರು ೨೦೨೦ರ ಜನವರಿಯಲ್ಲಿ ಕನಕಪುರದಲ್ಲಿ ಪ್ರತಿಭಟಿಸಿದರು. ಭೂಮಿಯ ಹಕ್ಕಿನ ನಿರ್ಣಯವು ವಿಮರ್ಶಕನ ಕೆಲಸವಲ್ಲ. ಆದರೆ ಒಂದು ಮಾತನ್ನು ಹೇಳುವುದು ಅವನ ಕರ್ತವ್ಯ. ಆ ಒಕ್ಕಲುಗಳು ಬೆಟ್ಟದ ಹೆಸರನ್ನು ಲ್ಯಾಟಿನಿನಲ್ಲಿ ಹೇಳಲಿಲ್ಲ, ಪೋರ್ತುಗೀಸಿನಲ್ಲಿ ಹೇಳಲಿಲ್ಲ. ಕನ್ನಡದಲ್ಲಿ ರೂಢವಾದ ಸಂಸ್ಕೃತಶಬ್ದದಲ್ಲಿ ಹೇಳಿದರು. ಅದನ್ನು ಅಪಹರಣವೆಂದು ಎಣಿಸುವವನು ತನ್ನ ಭಾಷೆಯು ಒಬ್ಬ ಪರದೇಶದ ಕಥೆಯನ್ನು ಹೊತ್ತು ನಿಲ್ಲಬಲ್ಲುದೆಂಬುದನ್ನು ಕಾಣಲೊಲ್ಲನು. ಹಾಗೆಯೇ, ಕಪಾಲವೆಂದರೆ ಗೊಲ್ಗೊಥಾ ಮಾತ್ರವೆಂದು ಹೇಳುವವನು ನೆರೆಯವನ ಕಿವಿಯಲ್ಲಿ ಅದು ಹೇಗೆ ಕೇಳಿಸುತ್ತದೆಂಬುದನ್ನು ವಿಚಾರಿಸಲೊಲ್ಲನು.

ಸಾಹಿತ್ಯದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ. ಕನ್ನಡ ಕ್ರೈಸ್ತಗ್ರಂಥಗಳನ್ನು ಮತಪ್ರಚಾರದ ಕಾಗದಗಳೆಂದು ಬದಿಗೊತ್ತದೆ ಪಾಠದಲ್ಲಿ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡಾಗ ಪ್ರತಿಯೊಂದು ಮುಖ್ಯಪದದ ಪಕ್ಕದಲ್ಲಿಯೂ ಎರಡು ಕಾಲಗಳನ್ನು ಗುರುತುಮಾಡಿ ತೋರಿಸಬೇಕು, ಮೂಲವು ಹುಟ್ಟಿದ ಕಾಲ ಮತ್ತು ಕನ್ನಡಪದವನ್ನು ಆರಿಸಿದ ಕಾಲ. ಹಾರೋಬೆಲೆಯಂತಹ ಊರುಗಳಲ್ಲಿ ಮುದುಕರ ಬಾಯಲ್ಲಿ ಉಳಿದಿರಬಹುದಾದ ಪ್ರಾರ್ಥನೆಗಳನ್ನೂ ನಾಟಕದ ಹಾಡುಗಳನ್ನೂ ಅವರ ಉಚ್ಚಾರಣೆಯಲ್ಲಿಯೇ ಬರೆದಿಡುವ ಕೆಲಸವನ್ನು ಕಾಲೇಜುಗಳ ಕನ್ನಡವಿಭಾಗಗಳು ಕೈಗೊಂಡರೆ ಪದಚರಿತ್ರೆಗೆ ಬಹಳ ಉಪಕಾರವಾಗುತ್ತದೆ.

ಆ ವಿದ್ಯಾರ್ಥಿಯು ಇಂದು ಬಂದು ಕೇಳಿದರೆ ನಾನು ನಗುವುದಿಲ್ಲ. “ಜೈಮಿನಿಯ ಲಕ್ಷಣದಂತೆ ನಿಮ್ಮ ಮನೆಯ ಪುಸ್ತಕವು ವೇದವಲ್ಲ; ಅದಕ್ಕಾಗಿ ನೀನು ಕುಂದಬೇಕಾದುದಿಲ್ಲ. ನಮ್ಮ ವೇದವು ಕಾಲದ ಹೊರಗೆ ನಿಂತು ಪ್ರಮಾಣವಾಯಿತು. ನಿಮ್ಮ ಸುವಾರ್ತೆಯು ಕಾಲದ ಒಳಗೆ ನಿಂತು ಪ್ರಮಾಣವಾಗಬೇಕೆನ್ನುತ್ತದೆ. ಆದುದರಿಂದ ಅದನ್ನು ಓದುವಾಗ ಕಾಲವನ್ನು ಬಿಟ್ಟು ಓದಬೇಡ” ಎಂದು ಹೇಳಿ, ಲೂಕನ ಸುವಾರ್ತೆಯ ಆರಂಭವನ್ನು ತೆಗೆಯಿಸಿ, ಅಲ್ಲಿ ಬರುವ ಅರಸರ ಹೆಸರುಗಳಿಂದಲೇ ಅವನೊಡನೆ ಪಾಠವನ್ನು ಮೊದಲುಮಾಡುತ್ತೇನೆ.